ಶಂಭುಲಿಂಗಪ್ಪನ ದಕ್ಕೆ

ಸಿದ್ದಲಿಂಗಯ್ಯನವರು ನೂಲಿನ ಒಂದು ತುದಿಯನ್ನು ಶಂಭುಲಿಂಗಪ್ಪನವರ ಹಿಮ್ಮಡಿಗೆ ಒತ್ತಿ ಹಿಡಿದು, ಇನ್ನೊಂದನ್ನು ಹೆಬ್ಬೆರಳಿನವರೆಗೆ ಎಳೆದು ಅಲ್ಲೊಂದು ಗಂಟು ಹಾಕಿದರು. ಹಾಕಿದ ಮೇಲೆ ಇನ್ನೊಮ್ಮೆ ಅಳೆದು ನೋಡಿದರು. ಕಾಲು ಮಡಿಸಿ ಪದ್ಮಾಸನದಲ್ಲಿ ಕೂರಿಸಿಬಿಟ್ಟರೆ ಆಮೇಲೆ ಪಾದ ಅಳತೆಗೆ ಸಿಗುವುದಿಲ್ಲ. ಗುಂಡಿ ತೋಡುವವರಿಗೆ ಬೇಕಾದದ್ದು ಸತ್ತವರದೇ ಪಾದದ ಅಳತೆ. ಆ ಪಾದದಲ್ಲಿ ಒಂಬತ್ತು ಉದ್ದ, ಒಂಬತ್ತು ಆಳ, ಐದು ಅಗಲ. ಹೆಣವನ್ನು ಕೂರಿಸಿ ಮಣ್ಣು ಕೊಡುವುದು ಲಿಂಗವಂತರ ಕ್ರಮ. ಜಂಗಮರಾದ ಸಿದ್ದಲಿಂಗಯ್ಯನವರು ಯಡಿಯೂರು, ಜಯನಗರದ ಸುತ್ತಮುತ್ತ ಮೂವತ್ತು ವರ್ಷದಿಂದ ಇದನ್ನು ಮಾಡಿಸಿಕೊಂಡು ಬಂದವರು.

“ಈ ನೂಲು ನೆನೀಬಾರ್ದು ಚಿಕ್ಕಬೈರಪ್ಪ. ನೆಂದ್ರೆ ಅಳತೆ ತಪ್ಪುತ್ತೆ,” ಎಂದರು.

ಚಿಕ್ಕಬೈರಪ್ಪ ಅರೆಕೆರೆಯವನು. ಹತ್ತು ವರ್ಷದ ಹಿಂದೆ ಶಂಭುಲಿಂಗಪ್ಪನವರಿಗೆ ಎರಡೆಕರೆ ದಿಣ್ಣೆ ಮಾರಿ, ಮಾರಿದ ಮೇಲೂ ಅದರಲ್ಲಿ ತಾನೇ ರಾಗಿ ಬಿತ್ತಿಕೊಂಡಿದ್ದವನು. ಆ ದಿಣ್ಣೆಯ ನೆತ್ತಿಯ ಮೇಲೇ ತನ್ನನ್ನು ಇಡಬೇಕೆಂದು ಶಂಭುಲಿಂಗಪ್ಪನವರು ಎರಡು ಮೂರು ಸಲ ಹೇಳಿದ್ದರು. ಚಿಕ್ಕಬೈರಪ್ಪ ನೂಲನ್ನು ವೀಳ್ಯದೆಲೆಯಲ್ಲಿ ಸುತ್ತಿ, ರುಮಾಲಿನ ಮಡಿಕೆಯೊಳಗೆ ಸಿಕ್ಕಿಸಿಕೊಂಡು, ಜಿನುಗುವ ಆಷಾಢದ ಮಳೆಯಲ್ಲೇ ಸೈಕಲ್ ಹತ್ತಿದ.

ಸಿದ್ದಲಿಂಗಯ್ಯನವರು ಕಮಲಾದೇವಿಯ ಕಡೆ ತಿರುಗಿ ಯಜಮಾನರ ಕರಡಿಗೆ ಎಲ್ಲಿ ಎಂದು ಕೇಳಿದರು. ಇಷ್ಟಲಿಂಗವನ್ನು ಇಟ್ಟುಕೊಳ್ಳುವ ಬೆಳ್ಳಿಯ ಆ ಪುಟ್ಟ ಭರಣಿ ಸ್ನಾನ ಮಾಡಿಸುವಾಗ ಎದೆಯ ಮೇಲಿರಲಿಲ್ಲ. ಅದಕ್ಕೂ ಮೊದಲೇ ಕಮಲಾದೇವಿ ಅದನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಾಗಿತ್ತು.

“ನನ್ನ ಹತ್ರ ಇದೆ ಅಯ್ನೋರೆ.”

“ಎಡಗೈಗೆ ಲಿಂಗ ಇಟ್ಟು ಇಲ್ಲೇ ಬಟ್ಟೆ ಸುತ್ತಿಬಿಡೋಣ. ಅಲ್ಲಿ ಮಳೇಲಿ ಕಷ್ಟ.”

“ಅಲ್ಲೇ ಆಗ್ಲಿ. ಗುಂಡಿಗೆ ಇಳಿಸಿದ ಮೇಲೆ.”

ಗಂಡ ಸತ್ತ ಹೆಂಗಸಿನ ಮಾತಿಗೆ ಆ ದಿನ ಯಾರೂ ಎದುರಾಡುವುದಿಲ್ಲ. ಸಿದ್ದಲಿಂಗಯ್ಯನವರು ಸರಿ ಎಂದು ವಿಭೂತಿ ನೆನೆಸತೊಡಗಿದರು. ಕಮಲಾದೇವಿ ಗೋಡೆಗೆ ಒರಗಿ ಕೂತು ಸೊಂಟದ ಮೇಲೆ ಕೈಯಿಟ್ಟುಕೊಂಡಳು. ಆಕೆಗೆ ಹೆದರಿಕೆಯಾಗಿತ್ತು, ದುಃಖಕ್ಕಿಂತ ಹೆಚ್ಚಾಗಿ ಹೆದರಿಕೆ. ಕರಡಿಗೆಯೊಳಗೆ ಏನೂ ಇರಲಿಲ್ಲ. ಇಪ್ಪತ್ತೈದು ವರ್ಷದಿಂದ ಇರಲಿಲ್ಲ. ಅದು ಇಬ್ಬರಿಗೆ ಗೊತ್ತಿದ್ದ ವಿಷಯ, ಆ ಇಬ್ಬರಲ್ಲಿ ಒಬ್ಬರು ನಿನ್ನೆ ಸಂಜೆ ಕಾಫಿಯ ಲೋಟ ಕೆಳಗಿಡುತ್ತ ಹೊರಟುಹೋಗಿದ್ದರು. ಲಿಂಗ ಕಳೆದುಕೊಂಡವನನ್ನು ಕೂರಿಸಿ ಮಣ್ಣು ಕೊಡುವ ಹಾಗಿಲ್ಲ ಎಂದು ಸಿದ್ದಲಿಂಗಯ್ಯನವರು ಇದೇ ಹಜಾರದಲ್ಲಿ ಕೂತು ಹಿಂದೊಮ್ಮೆ ಹೇಳಿದ್ದರು. ಶಂಭುಲಿಂಗಪ್ಪನವರು ಅದನ್ನು ತಲೆಯಾಡಿಸುತ್ತ ಕೇಳಿಸಿಕೊಂಡಿದ್ದರು.

ದಾರಿಯೇನೋ ಇತ್ತು. ಬೆಳಗಿನ ಜಾವವೇ ಆಕೆ ಅದನ್ನು ಯೋಚಿಸಿಟ್ಟುಕೊಂಡಿದ್ದಳು. ತನ್ನ ಕೊರಳಿನ ಲಿಂಗವನ್ನು ತೆಗೆದು ಗಂಡನ ಕರಡಿಗೆಯಲ್ಲಿ ಹಾಕಿಬಿಟ್ಟರೆ ಮುಗಿಯಿತು. ಯಾರಿಗೂ ತಿಳಿಯುವುದಿಲ್ಲ. ಮಗಳ ಹಾಗೆ ಸಾಕಿದ ಜಯಶೀಲಾಗೂ ತಿಳಿಯುವುದಿಲ್ಲ.

*

ಅವರು ಜಯನಗರಕ್ಕೆ ಬಂದದ್ದು ಐವತ್ತೊಂದರಲ್ಲಿ. ಆಗ ನಾಲ್ಕನೇ ಬ್ಲಾಕ್ ಎಂದರೆ ಸೈಟಿನ ಕಲ್ಲುಗಳು, ಹುರುಳಿ ಹೊಲ, ಸಂಜೆಯಾದರೆ ನರಿಯ ಕೂಗು. ಕರಾವಳಿಯ ಕೋಡಿಬೇಣದಲ್ಲಿ ಮೂರು ಉಗ್ರಾಣವಿದ್ದ ವರ್ತಕ, ಎಲ್ಲವನ್ನೂ ಮಾರಿ ಈ ಬಯಲಿಗೆ ಬಂದು ಯಾಕೆ ಮನೆ ಕಟ್ಟಿದ ಎಂದು ಕೇಳಿದವರಿಗೆ, ಹವಾ ಚೆನ್ನಾಗಿದೆ ಎನ್ನುತ್ತಿದ್ದರು. ನಿಜಕ್ಕೂ ಅವರು ಹುಡುಕಿದ್ದು ಸಮುದ್ರದಿಂದ ದೂರವಿರುವ ಊರನ್ನು.

ಬೆಳಿಗ್ಗೆ ತಪ್ಪದೆ ವಾಕಿಂಗ್ ಹೋಗುತ್ತಿದ್ದರು. ಅಶೋಕ ಪಿಲ್ಲರ್‌ವರೆಗೆ ಹೋಗಿ ಬರುತ್ತಿದ್ದರೇ ಹೊರತು ಯಡಿಯೂರು ಕೆರೆಯ ದಿಕ್ಕಿಗೆ ಒಂದು ದಿನವೂ ಕಾಲಿಡಲಿಲ್ಲ. ಪಕ್ಕದ ಮನೆಯ ಅನಂತರಾಮು, ಕೆರೆ ಏರಿಯ ಮೇಲೆ ಒಳ್ಳೇ ಗಾಳಿ ಬರುತ್ತೆ ಬನ್ನಿ ಸಾರ್ ಎಂದು ಕರೆದು ಕರೆದು ಸಾಕಾಗಿ ಬಿಟ್ಟಿದ್ದರು. ಅರೆಕೆರೆಯ ಜಮೀನಿನಲ್ಲಿ ಬಾವಿ ತೋಡಿಸುವ ಮಾತೆತ್ತಿ ಚಿಕ್ಕಬೈರಪ್ಪನೂ ಸೋತಿದ್ದ. ಇಪ್ಪತ್ತಡಿಗೆ ನೀರು ಸಿಗ್ತದೆ ಬುದ್ಧೀ ಎಂದರೆ, ಬೇಡ, ಮಳೆ ಬಂದರೆ ಬರಲಿ ಎನ್ನುತ್ತಿದ್ದರು. ನೀರಿರುವ ಭೂಮಿ ಕೊಂಡು ನೀರು ಬೇಡ ಎನ್ನುವವರನ್ನು ತಾನು ಇವರೊಬ್ಬರನ್ನೇ ಕಂಡದ್ದು ಎಂದು ಅವನು ಮಡಿವಾಳದ ಸಂತೆಯಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದ.

ವಾಕಿಂಗ್ ಮುಗಿಸಿ ಸ್ನಾನ ಮಾಡಿ ಪೂಜೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮುಕ್ಕಾಲು ಗಂಟೆ. ಒಳಗಿನಿಂದ ಮಂತ್ರ ಕೇಳುತ್ತಿತ್ತು, ಗಂಟೆ ಕೇಳುತ್ತಿತ್ತು. ಬಂದ ಹೊಸದರಲ್ಲಿ ಒಮ್ಮೆ ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಕಮಲಾದೇವಿ ಹೂವಿನ ಬುಟ್ಟಿ ಹಿಡಿದು ಹೋದವಳು ಅಲ್ಲೇ ನಿಂತಳು. ಗಂಡ ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಅದರೊಳಗೇ ಕಣ್ಣು ನೆಟ್ಟು ಕೂತಿದ್ದರು. ಅಂಗೈ ಬರಿದಾಗಿತ್ತು. ಬರಿಗೈ ಮೇಲೆ ನೀರು ಬಿಟ್ಟರು, ಬರಿಗೈಗೆ ವಿಭೂತಿ ಹಚ್ಚಿದರು, ಒಂದು ಬಿಲ್ವದೆಲೆಯನ್ನು ಇಟ್ಟರು.

ಆಕೆಗೆ ವಿಷಯ ಮೊದಲೇ ಗೊತ್ತಿತ್ತು. ಆದರೂ ಕಣ್ಣಾರೆ ಕಂಡ ಆ ದಿನ ಅಡುಗೆಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತಳು. ಗುರುಗಳಿಗೆ ಹೇಳಿ ಇನ್ನೊಂದು ಕಟ್ಟಿಸಿಕೊಳ್ಳಿ ಎಂದು ಆ ಮಧ್ಯಾಹ್ನ ಕೇಳಿಕೊಂಡಳು. ಅದಕ್ಕೆ ಅವರು, ಇನ್ನೊಂದು ಬೇಕೆಂದರೆ ಮೊದಲನೆಯದು ಎಲ್ಲಿ ಹೋಯಿತೆಂದು ಹೇಳಬೇಕಾಗುತ್ತೆ, ಅದನ್ನು ಹೇಳುವ ಬಾಯಿ ತನಗಿಲ್ಲ ಎಂದರು. ಆ ಮಾತು ಅಲ್ಲಿಗೆ ನಿಂತಿತು. ಹನ್ನೆರಡು ವರ್ಷ ನಿಂತೇ ಇತ್ತು.

*

ಹತ್ತು ಗಂಟೆಯ ಹೊತ್ತಿಗೆ ಶಂಭುಲಿಂಗಪ್ಪನವರನ್ನು ಹಜಾರದಲ್ಲಿ ಗೋಡೆಗೆ ಹಲಗೆ ಕೊಟ್ಟು ಕೂರಿಸಿದ್ದರು. ಹಣೆ, ತೋಳು, ಎದೆಗೆ ವಿಭೂತಿ, ಕೊರಳಲ್ಲಿ ಕನಕಾಂಬರ, ತಲೆಗೆ ಮದುವೆಯಲ್ಲಿ ಸುತ್ತಿಕೊಳ್ಳುವಂಥ ಜರಿ ಪೇಟ. ಜಯಶೀಲಾ ಅವರ ಎಡಗಡೆ ಕೂತು, ತಲೆ ವಾಲದ ಹಾಗೆ ಒಂದು ಕೈ ಆಸರೆ ಕೊಟ್ಟಿದ್ದಳು. ಮೂವತ್ತೊಂದು ವರ್ಷದ ಅವಳು ಹತ್ತಿರದ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ಬಂದವರೆಲ್ಲ ಅವಳನ್ನು ಮಗಳೆಂದೇ ತಿಳಿದು ಸಮಾಧಾನ ಹೇಳುತ್ತಿದ್ದರು. ಅವಳು ದೊಡ್ಡಪ್ಪ ಎಂದಾಗ ಮಾತ್ರ ಕೆಲವರು ತಿರುಗಿ ನೋಡುತ್ತಿದ್ದರು.

ಆ ಹೊತ್ತಿಗೆ ಟ್ಯಾಕ್ಸಿಯಿಂದ ಜಯದೇವಪ್ಪ ಇಳಿದರು. ಅವರು ಕೋಡಿಬೇಣದ ಹೆಂಚಿನ ವ್ಯಾಪಾರಿ. ಮೊನ್ನೆ ಬೆಂಗಳೂರಿಗೆ ಬಂದಿದ್ದವರು ಲಾಡ್ಜಿನಲ್ಲಿ ಯಾರೋ ಹೇಳಿದ್ದು ಕೇಳಿ ಓಡಿ ಬಂದಿದ್ದರು. ತಂದಿದ್ದ ಹಾರ ಹಾಕಿ, ಉದ್ದಕ್ಕೆ ಅಡ್ಡಬಿದ್ದು, ಎದ್ದವರೇ ಜೋರಾಗಿ ಅತ್ತರು. ಅಲ್ಲಿಯವರೆಗೆ ಆ ಹಜಾರದಲ್ಲಿ ಯಾರೂ ಜೋರಾಗಿ ಅತ್ತಿರಲಿಲ್ಲ. ಜಯನಗರಕ್ಕೆ ಶಂಭುಲಿಂಗಪ್ಪನವರು ಒಬ್ಬ ಸಾಧು ಮುದುಕ, ಅಷ್ಟೇ. ಹಾಗೆ ಅಳುವಷ್ಟು ಯಾರಿಗೂ ಗೊತ್ತಿರಲಿಲ್ಲ.

“ನಿಮಗೆ ಇವರು ಯಾರಂತ ಗೊತ್ತಿಲ್ಲ ಸಾರ್,” ಎಂದು ಜಯದೇವಪ್ಪ ಅನಂತರಾಮು ಕಡೆ ತಿರುಗಿದರು. “ನಮ್ಮ ಬಂದರಲ್ಲಿ ಇವರ ಹೆಸರಿನ ದಕ್ಕೆ ಇದೆ, ದೋಣಿಗೆ ಮಾಲು ಹತ್ತಿಸೋ ಕಟ್ಟೆ. ಶಂಭುಲಿಂಗಪ್ಪನ ದಕ್ಕೆ. ಬೊಂಬಾಯಿಂದ ಬರೋ ಪತ್ತೇಮಾರಿ ಹಡಗು ನಡೆಸೋ ತಾಂಡೇಲರಿಗೂ ಆ ಹೆಸರು ಗೊತ್ತು.”

ಅನಂತರಾಮು ಬೆರಗಾಗಿ ಹೆಣದ ಕಡೆ ನೋಡಿದರು. ಹನ್ನೆರಡು ವರ್ಷ ಜೊತೆಗೆ ನಡೆದಾಡಿದ ಮನುಷ್ಯ ಇದನ್ನು ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಜಯದೇವಪ್ಪನವರಿಗೆ ಕೇಳುವ ಕಿವಿ ಸಿಕ್ಕಿತು. ದಕ್ಕೆ ಇಲ್ಲದ ಕಾಲದಲ್ಲಿ ಹಮಾಲರು ಎದೆಮಟ್ಟ ನೀರಿನಲ್ಲಿ ಮೂಟೆ ಹೊತ್ತು ದೋಣಿಗೆ ತುಂಬುತ್ತಿದ್ದದ್ದು, ಒಂದು ಮಳೆಗಾಲದ ಬಾಯಲ್ಲಿ ಬೆಲ್ಲದ ದೋಣಿ ಮಗುಚಿ ಗುಮಾಸ್ತನೊಬ್ಬ ಸತ್ತದ್ದು, ಯಜಮಾನರು ಆ ಜಾಗದಲ್ಲೇ ಕೈಯಿಂದ ಖರ್ಚು ಮಾಡಿ ಕಲ್ಲಿನ ದಕ್ಕೆ ಕಟ್ಟಿಸಿದ್ದು, ಎಲ್ಲವನ್ನೂ ಹೇಳಿದರು. ಈಗ ಊರವರ ಬಾಯಲ್ಲಿ ದಕ್ಕೆ ಎಂಬ ಮಾತೂ ಉಳಿದಿಲ್ಲವಂತೆ. ಶಂಭುಲಿಂಗಪ್ಪನಿಗೆ ಹೋಗ್ತೀನಿ ಎನ್ನುತ್ತಾರಂತೆ, ಶಂಭುಲಿಂಗಪ್ಪನ ಹತ್ತಿರ ಬಂಗಡೆ ಬಂದಿದೆ ಎನ್ನುತ್ತಾರಂತೆ.

ಕಮಲಾದೇವಿ ಕಣ್ಣು ಮುಚ್ಚಿಕೊಂಡಳು. ಕೋಡಿಬೇಣ ಬಿಡಿಸಿದ್ದೇ ಆ ಮಾತು. ಐವತ್ತರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಬೀದಿಯಲ್ಲಿ ಯಾರೋ ಕೂಗಿಕೊಂಡು ಓಡಿದ್ದರು, ಶಂಭುಲಿಂಗಪ್ಪನ ಹತ್ರ ಹೆಣ ಬಂದಿದೆ, ಹೆಣ ಬಂದಿದೆ ಎಂದು. ಯಾರೋ ದಾರಿತಪ್ಪಿದ ಮೀನುಗಾರನ ಹೆಣ. ತಿಂಡಿ ತಿನ್ನುತ್ತಿದ್ದ ಗಂಡ ತಟ್ಟೆ ಬಿಟ್ಟು ಎದ್ದು, ಬಾಗಿಲಿಗೆ ಬಂದು, ಎಲ್ಲಿ ಎಂದು ಬೀದಿಯನ್ನೆಲ್ಲ ಹುಡುಕಿದ್ದರು. ಅವರಿಗೆ ಅದು ತಮ್ಮನ್ನು ಕೇಳಿಕೊಂಡು ಬಂದ ಹೆಣದಂತೆ ಕಂಡಿತ್ತು. ಆ ವರ್ಷವೇ ಉಗ್ರಾಣ ಮಾರಲು ಮೊದಲಿಟ್ಟರು.

ಜಯದೇವಪ್ಪನವರ ಕಣ್ಣು ಈಗ ಜಯಶೀಲಾ ಮೇಲೆ ಬಿತ್ತು.

“ನೀನು ಸೋಮಲಿಂಗಪ್ಪನ ಮಗಳಲ್ವೇನಮ್ಮ? ಅದೇ ಮೂಗು, ನೋಡು.” ಮತ್ತೆ ಅನಂತರಾಮುಗೆ, “ನಾನು ಹೇಳಿದ ಗುಮಾಸ್ತ ಇವಳಪ್ಪ. ತಾಂಡೇಲ ಬೇಡ ಬೇಡ ಅಂದ್ರೂ ಹಟ ಮಾಡಿ ದೋಣಿ ಬಿಡಿಸಿದ. ಅವನೂ ಹೋದ, ಮಾಲೂ ಹೋಯ್ತು. ಬೇರೆ ಯಜಮಾನ ಆಗಿದ್ರೆ ಆ ಮನೆ ಕಡೆ ತಲೆ ಹಾಕಿ ಮಲಗ್ತಿರ್ಲಿಲ್ಲ. ಇವರು ಅವನ ಮಗಳನ್ನ ಸಾಕಿದ್ರು, ಓದಿಸಿದ್ರು.”

ಎಲ್ಲರೂ ಜಯಶೀಲಾಳನ್ನು ನೋಡಿದರು. ಅವಳು ದೊಡ್ಡಪ್ಪನ ಹೆಗಲಿನ ಮೇಲಿದ್ದ ಕೈ ತೆಗೆಯದೆ, ಹೌದು ಎನ್ನುವ ಹಾಗೆ ಒಮ್ಮೆ ತಲೆ ಆಡಿಸಿದಳು. ಈ ಮಾತು ಬಂದಾಗಲೆಲ್ಲ ಅವಳು ಹಾಗೇ ಆಡಿಸುತ್ತಿದ್ದಳು. ಹಟಮಾರಿಯೊಬ್ಬನ ಮಗಳಾಗಿದ್ದಕ್ಕೆ ಕ್ಷಮೆ ಕೇಳುವ ಹಾಗೆ.

ಕಮಲಾದೇವಿಗೆ ಆ ತಲೆಯಾಟ ತಡೆಯಲಾಗಲಿಲ್ಲ. ಎದ್ದು ಹೋಗಿ ಅವಳ ಕೈ ಹಿಡಿದಳು. ಇವರನ್ನು ಹಿಡಿದುಕೊಳ್ಳಿ ಎಂದು ಅನಂತರಾಮುಗೆ ಹೇಳಿ, ಅವಳನ್ನು ಪೂಜೆಯ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಸೊಂಟದಿಂದ ಕರಡಿಗೆ ತೆಗೆದು, ತಿರುಪು ಬಿಚ್ಚಿ, ಅವಳ ಕೈಯಲ್ಲಿ ಬೋರಲು ಹಾಕಿದಳು. ಏನೂ ಬೀಳಲಿಲ್ಲ.

*

ಸಾವಿರದ ಒಂಬೈನೂರ ಮೂವತ್ತೆಂಟು, ಮೃಗಶಿರಾ ಹುಟ್ಟಿ ಮೂರು ದಿನ. ಮೃಗಶಿರಾ ಹುಟ್ಟಿದರೆ ಕೋಡಿಬೇಣದಲ್ಲಿ ದೋಣಿಗಳನ್ನು ದಂಡೆಗೆಳೆದು ತೆಂಗಿನ ಮಡಲು ಹೊದಿಸುತ್ತಾರೆ. ಮತ್ತೆ ನೀರಿಗಿಳಿಯುವುದು ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟ ಮೇಲೆಯೇ. ಶಂಭುಲಿಂಗಪ್ಪನವರ ಕೊನೆಯ ನೂರಿಪ್ಪತ್ತು ಪೆಂಟೆ ಬೆಲ್ಲ ಉಗ್ರಾಣದಲ್ಲಿ ಉಳಿದಿತ್ತು. ಹೊಳೆ ಸಮುದ್ರ ಸೇರುವ ಅಳಿವೆಯ ಆಚೆ ಕೊನೆಯ ಪತ್ತೇಮಾರಿ ಲಂಗರು ಹಾಕಿ ಕಾಯುತ್ತಿತ್ತು. ಅಲ್ಲಿಯವರೆಗೆ ಮಾಲು ಮುಟ್ಟಿಸಬೇಕಾದ ಸಣ್ಣ ದೋಣಿಯ ತಾಂಡೇಲ, ಅಳಿವೆಯ ಬಾಯಿ ಕೆಟ್ಟಿದೆ, ಆಗುವುದಿಲ್ಲ ಎಂದ.

ಆ ಬಂದರಿನಲ್ಲಿ ಒಂದು ನಡವಳಿಕೆಯಿತ್ತು. ಮಾಲಿನ ಕಡೆಯವನೊಬ್ಬ ತಾನೇ ದೋಣಿ ಹತ್ತಿ ಮೂಟೆಯ ಮೇಲೆ ಕೂತರೆ ತಾಂಡೇಲ ಇಲ್ಲ ಎನ್ನುವ ಹಾಗಿಲ್ಲ. ಜೀವಕ್ಕೆ ಜೀವ ಜೊತೆಗಿದೆ ಎಂದು ಅದರ ಅರ್ಥ. ಶಂಭುಲಿಂಗಪ್ಪನವರು ಉಗ್ರಾಣದ ಬಾಗಿಲಲ್ಲಿ ನಿಂತು ಗುಮಾಸ್ತ ಸೋಮಲಿಂಗಪ್ಪನಿಗೆ, ನೀನು ಹೋಗಿ ಹತ್ತಿ ಕೂತುಕೋ ಎಂದರು. ಈಜು ಬಾರದ ಮನುಷ್ಯ. ಸಾಗರದ ಕಡೆಯ ಘಟ್ಟದ ಮೇಲಿನವನು, ನೀರು ಕಂಡರೆ ಮೆಟ್ಟು ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ಹಿಂದೆ ನಿಲ್ಲುವವನು. ಅವನು ಯಜಮಾನರ ಮುಖವನ್ನು ಒಮ್ಮೆ ನೋಡಿದ. ಕೊಡೆಯನ್ನು ಬಾಗಿಲಿನ ಮೂಲೆಯಲ್ಲಿ ಒರಗಿಸಿಟ್ಟು ಇಳಿದು ಹೋದ. ದೋಣಿಯಲ್ಲಿ ಪೆಂಟೆಗಳ ಮೇಲೆ ಕೂತು ಅವನೇ ತಾಂಡೇಲನಿಗೆ, ನಡಿ, ನಾನು ಹೇಳ್ತಿದೀನಿ ಎಂದ. ಯಜಮಾನರ ಮಾತನ್ನು ತನ್ನ ಮಾತಾಗಿ ಹೇಳುವುದೇ ಗುಮಾಸ್ತನ ಕೆಲಸವಾಗಿತ್ತು.

ದೋಣಿ ಅಳಿವೆಯಲ್ಲಿ ಅಡ್ಡಬಿದ್ದು ಮಗುಚಿತು. ತಾಂಡೇಲನೂ ಹುಟ್ಟುಗಾರರೂ ಈಜಿ ಬಂದರು. ಬೆಲ್ಲವೆಲ್ಲ ಕರಗಿಹೋಯಿತು. ಎರಡು ದಿನ ಆ ದಂಡೆಯ ನೀರು ಸಿಹಿಯಾಗಿತ್ತೆಂದು ಮೀನುಗಾರರು ಇಂದಿಗೂ ಹೇಳುತ್ತಾರೆ. ಪಂಚರು ಬಂದು ವಿಚಾರಿಸಿದಾಗ ತಾಂಡೇಲ, ಗುಮಾಸ್ತರೇ ಹಟ ಮಾಡಿ ಹೊರಡಿಸಿದರು ಎಂದ. ಅವನು ಕಂಡದ್ದು ಅಷ್ಟೇ, ಅವನು ಹೇಳಿದ್ದು ಸುಳ್ಳಲ್ಲ. ಪಂಚರು ಶಂಭುಲಿಂಗಪ್ಪನವರ ಕಡೆ ತಿರುಗಿ, ಹೌದೇ ಎಂದರು. ಶಂಭುಲಿಂಗಪ್ಪನವರು ತಲೆಯಾಡಿಸಿದರು. ಒಂದೇ ಸಲ.

ಮೂರನೆಯ ದಿನ ಹೆಣ ದಂಡೆಗೆ ಬಂತು. ಕೊರಳಲ್ಲಿ ಶಿವದಾರವೂ ಇರಲಿಲ್ಲ, ಲಿಂಗವೂ ಇರಲಿಲ್ಲ. ಊದಿಕೊಂಡ ಪಾದಕ್ಕೆ ನೂಲು ಹಿಡಿದು ಅಳೆದದ್ದರಿಂದ ಗುಂಡಿ ತುಂಬ ದೊಡ್ಡದಾಯಿತು. ಅಷ್ಟು ದೊಡ್ಡ ಗುಂಡಿಯ ಮೂಲೆಯಲ್ಲಿ ಅಷ್ಟು ಸಣ್ಣ ಮನುಷ್ಯ. ಲಿಂಗವಿಲ್ಲದ ಹೆಣಕ್ಕೆ ಕ್ರಿಯೆ ಇಲ್ಲ, ಬರೀ ಮಣ್ಣೆಳೆದು ಮುಚ್ಚಿ ಎಂದು ಅಲ್ಲಿಯ ಅಯ್ನೋರು ಹಿಂದೆ ಸರಿದರು. ಗುಂಡಿಯ ಅಂಚಿನಲ್ಲಿ ಸೋಮಲಿಂಗಪ್ಪನ ಹೆಂಡತಿ ಆರು ವರ್ಷದ ಜಯಶೀಲಾಳನ್ನು ಕಂಕುಳಿಗೆ ಅವುಚಿಕೊಂಡು ನಿಂತಿದ್ದಳು. ಆಗ ಶಂಭುಲಿಂಗಪ್ಪನವರು, ಲಿಂಗ ಸಿಕ್ಕಿದೆ, ಮೀನುಗಾರರು ತಂದುಕೊಟ್ಟಿದ್ದಾರೆ, ನನ್ನ ಹತ್ತಿರ ಇದೆ ಎಂದು ಹೇಳಿ ತಾವೇ ಗುಂಡಿಗಿಳಿದರು. ಎಲ್ಲರಿಗೂ ಬೆನ್ನು ಮಾಡಿ ಬಗ್ಗಿ, ತಮ್ಮ ಕರಡಿಗೆ ಬಿಚ್ಚಿ, ಎಂಟನೆಯ ವಯಸ್ಸಿನಲ್ಲಿ ಗುರು ಕಟ್ಟಿದ್ದ ಲಿಂಗವನ್ನು ಗುಮಾಸ್ತನ ತಣ್ಣನೆಯ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

ಆ ಸಂಜೆ ಹೆಂಡತಿಗೆ ಹೇಳಿದರು. ಮತ್ತೆ ಯಾರಿಗೂ ಹೇಳಲಿಲ್ಲ. ದಕ್ಕೆ ಕಟ್ಟಿ ಮುಗಿದಾಗ, ಇದಕ್ಕೆ ಸೋಮಲಿಂಗಪ್ಪನ ಹೆಸರಿಡೋಣ ಎಂದು ಊರವರನ್ನು ಕೇಳಿಕೊಂಡರು. ಹಟ ಮಾಡಿ ದೋಣಿ ಮುಳುಗಿಸಿದವನ ಹೆಸರನ್ನು ದಕ್ಕೆಗೆ ಯಾರಾದರೂ ಇಡುತ್ತಾರೆಯೇ ಎಂದು ಊರವರು ನಕ್ಕರು. ಅವರಿಗೆ ಉತ್ತರ ಕೊಡಬೇಕೆಂದರೆ ಆ ತಲೆಯಾಟವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ಶಂಭುಲಿಂಗಪ್ಪನವರು ತೆಗೆದುಕೊಳ್ಳಲಿಲ್ಲ. ಹೆಸರು ಅವರ ಮೇಲೇ ಬಂದು ಕೂತಿತು.

*

ಕಮಲಾದೇವಿ ಹೇಳಿ ಮುಗಿಸಿದಾಗ ಹೊರಗೆ ಲಾರಿ ಬಂದು ನಿಂತ ಸದ್ದಾಯಿತು. ಜಯಶೀಲಾ ಖಾಲಿ ಕರಡಿಗೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಒಳಗೆ ವಿಭೂತಿಯ ಹಳೆಯ ಬಿಳಿ ಅಂಟಿಕೊಂಡಿತ್ತು.

“ಅಮ್ಮ ಸಾಯೋವಾಗ್ಲೂ ಅಪ್ಪನ್ನ ಬೈಕೊಂಡೇ ಸತ್ಲು ದೊಡ್ಡಮ್ಮ,” ಎಂದಳು ಕೊನೆಗೆ. “ನೀವು ಅವಳ ಬಾಯಿಗೆ ಗಂಜಿ ಬಿಡ್ತಾ ಅಲ್ಲೇ ಕೂತಿದ್ರಿ.”

“ಕೂತಿದ್ದೆ.”

“ಆಗ ಹೇಳ್ಬೋದಿತ್ತು.”

ಹೇಳಬಹುದಿತ್ತು ಎಂದು ಕಮಲಾದೇವಿಗೂ ಗೊತ್ತಿತ್ತು. ಗಂಡನದು ಒಂದು ತಲೆಯಾಟವಾದರೆ ತನ್ನದು ಇಪ್ಪತ್ತೈದು ವರ್ಷದ ಬಾಯಿಮುಚ್ಚು. ಯಾವುದು ಹೆಚ್ಚು ಎಂದು ಅಳೆಯುವ ನೂಲು ಯಾವ ಅಯ್ನೋರ ಹತ್ತಿರವೂ ಇಲ್ಲ. ಮಗುವಿಗೆ ತಲೆ ಬಾಚುವಾಗ, ಊಟಕ್ಕೆ ಬಡಿಸುವಾಗ, ಶಾಲೆಯಲ್ಲಿ ಬಹುಮಾನ ಬಂದ ದಿನ, ಹೇಳಿಬಿಡಲೇ ಎಂದು ಎಷ್ಟೋ ಸಲ ನಾಲಗೆಯ ತುದಿಗೆ ಬಂದಿತ್ತು. ಹೇಳಿದರೆ ಈ ಹುಡುಗಿ ಎದ್ದು ಹೋಗಿಬಿಡುತ್ತಾಳೆ ಎಂಬ ಭಯ ಆಕೆಯದು. ಮಕ್ಕಳಿಲ್ಲದ ಮನೆ ಅದು.

“ಹಾಗಾದ್ರೆ ಈಗ ಯಾಕೆ ಹೇಳಿದ್ರಿ?”

“ನಂದನ್ನ ಬಿಚ್ಚಿ ಇದರಲ್ಲಿ ಹಾಕಿಬಿಡೋಣ ಅಂತಿದ್ದೆ. ಹಾಕಿದ್ರೆ ಇವರ ಜೊತೆ ಎಲ್ಲಾನೂ ಮಣ್ಣಿಗೆ ಹೋಗ್ತಿತ್ತು. ನೀನು ಹಾಗೇ ತಲೆ ಆಡಿಸ್ಕೊಂಡು ಮುದುಕಿ ಆಗ್ತಿದ್ದೆ,” ಎಂದಳು ಕಮಲಾದೇವಿ. “ಅಲ್ಲಿ ನಾನು ನಂದನ್ನೇ ಕೊಡ್ತೀನಿ. ಅವರನ್ನ ಬರಿಗೈಲಿ ಕಳಿಸೋಕೆ ನನ್ನಿಂದ ಆಗಲ್ಲ. ನೀನು ಬರದಿದ್ರೂ ಸರಿ, ನಾನೇನೂ ಅನ್ನಲ್ಲ.”

ಜಯಶೀಲಾ ಕರಡಿಗೆಯ ತಿರುಪು ಹಾಕಿ ವಾಪಸ್ಸು ಕೊಟ್ಟು, ಬಾಗಿಲು ತೆಗೆದು ಹೋದಳು. ಹಜಾರವನ್ನು ದಾಟುವಾಗ ದೊಡ್ಡಪ್ಪನ ಕಡೆ ನೋಡಲಿಲ್ಲ. ಲಾರಿಯ ಮೇಲೆ ಬಾಳೆಕಂದು ಕಟ್ಟಿದ ಮಂಟಪದಲ್ಲಿ ಅವರನ್ನು ಕೂರಿಸಿದಾಗ, ತಲೆ ಹಿಡಿದುಕೊಳ್ಳಲು ಎಡಗಡೆ ಯಾರೂ ಇರಲಿಲ್ಲ. ಅನಂತರಾಮುವೇ ಹತ್ತಿ ಹಿಡಿದುಕೊಂಡರು. ಕಮಲಾದೇವಿ ಜಯದೇವಪ್ಪನವರ ಟ್ಯಾಕ್ಸಿಯಲ್ಲಿ ಕೂತು, ಹಿಂದಿನ ಗಾಜಿನಿಂದ ಮನೆಯ ಬಾಗಿಲನ್ನೇ ನೋಡುತ್ತಿದ್ದಳು. ಟ್ಯಾಕ್ಸಿ ಹೊರಡುವಾಗ ಇನ್ನೊಂದು ಕಡೆಯ ಬಾಗಿಲು ತೆರೆದು ಜಯಶೀಲಾ ಹತ್ತಿದಳು.

*

ಬನ್ನೇರುಘಟ್ಟ ರಸ್ತೆ ಕೆಸರೋ ಕೆಸರು. ಅರೆಕೆರೆಯ ದಿಣ್ಣೆ ಹತ್ತುವಾಗ ಲಾರಿ ಎರಡು ಸಲ ಹೂತುಕೊಂಡಿತು. ಚಿಕ್ಕಬೈರಪ್ಪ ಮೊಣಕಾಲವರೆಗೆ ಮಣ್ಣಾಗಿ ಎದುರಿಗೆ ಬಂದು, ಕಮಲಾದೇವಿಯ ಹತ್ತಿರ ನಿಂತು ತಲೆ ಕೆರೆದುಕೊಂಡ.

“ಅಮ್ಮಾವ್ರೆ, ಗುಂಡೀಲಿ ನೀರು ಬಂದ್ಬಿಟ್ಟದೆ. ಈ ದಿಣ್ಣೆ ನೆತ್ತೀಲಿ ನೀರು ಬಂದಿದ್ದು ನಮ್ಮಪ್ಪನ ಕಾಲದಿಂದ ನಾನು ಕಂಡಿಲ್ಲ. ಬಕೆಟ್‌ನಾಗೆ ಮೊಗೆದು ಮೊಗೆದು ಹಾಕ್ದೊ. ಮತ್ತೆ ಮತ್ತೆ ಬರ್ತದೆ.”

ಬೇರೆ ಗುಂಡಿ ತೋಡಲು ಹೊತ್ತಿರಲಿಲ್ಲ. ಎಲ್ಲಿ ತೋಡಿದರೂ ಅಷ್ಟೇ ಎಂದು ಚಿಕ್ಕಬೈರಪ್ಪ ಹೇಳಿದ. ಇನ್ನೊಮ್ಮೆ ನೀರು ಮೊಗೆದು, ಶಂಖ ಊದಿ, ನಾಲ್ವರು ಸೇರಿ ಶಂಭುಲಿಂಗಪ್ಪನವರನ್ನು ಇಳಿಸಿದರು. ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂರಿಸಿದಾಗ, ನೂಲಿನ ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ ಎಂದು ತೋಡಿದವರು ಹೇಳಿಕೊಂಡರು. ಅಡಿಯಲ್ಲಿ ನೀರು ಆಗಲೇ ಮೆಲ್ಲಗೆ ಒಸರಿ ಹಿಮ್ಮಡಿ ಮುಟ್ಟುತ್ತಿತ್ತು. ಅವರು ಹನ್ನೆರಡು ವರ್ಷ ಯಾವುದರಿಂದ ತಪ್ಪಿಸಿಕೊಂಡು ತಿರುಗಿದ್ದರೋ ಅದು ಇಲ್ಲಿ ಮೊದಲೇ ಬಂದು ಕಾಯುತ್ತಿತ್ತು ಎಂದು ಕಮಲಾದೇವಿಗೆ ಅನ್ನಿಸಿತು.

ಜೊತೆಗೆ ಗುಂಡಿಗಿಳಿದಿದ್ದ ಸಿದ್ದಲಿಂಗಯ್ಯನವರು ಕೆಳಗಿನಿಂದಲೇ ಕೈ ಚಾಚಿದರು. ಕಮಲಾದೇವಿ ಕರಡಿಗೆ ಕೊಟ್ಟಳು. ಅವರು ತಿರುಪು ಬಿಚ್ಚಿದರು, ಒಳಗೆ ಬೆರಳು ಹಾಕಿ ನೋಡಿದರು, ಕತ್ತೆತ್ತಿ ಮೇಲೆ ನೋಡಿದರು.

“ಇವರ ಲಿಂಗ ಎಲ್ಲಮ್ಮ?”

ಕಮಲಾದೇವಿಯ ಕೈ ತನ್ನ ಕೊರಳಿಗೆ ಹೋಯಿತು. ಶಿವದಾರದ ಗಂಟು ಬೆರಳಿಗೆ ಸಿಕ್ಕಿತ್ತು. ಆ ಕೈಯ ಮೇಲೆ ಇನ್ನೊಂದು ಕೈ ಬಂದು ಗಟ್ಟಿಯಾಗಿ ಹಿಡಿಯಿತು.

“ನಮ್ಮಪ್ಪನ ಕೈಲಿದೆ ಅಯ್ನೋರೆ,” ಎಂದಳು ಜಯಶೀಲಾ. “ಇಪ್ಪತ್ತೈದು ವರ್ಷದಿಂದ ಅಲ್ಲೇ ಇದೆ.” ಆಮೇಲೆ ಜಯದೇವಪ್ಪನವರ ಕಡೆ ತಿರುಗಿದಳು. ತರಗತಿಯಲ್ಲಿ ಪಾಠ ಹೇಳುವಷ್ಟೇ ಸಮದನಿ. “ನಮ್ಮಪ್ಪ ಹಟ ಮಾಡಿ ದೋಣಿ ಹತ್ತಲಿಲ್ಲ. ಇವರು ಹತ್ತು ಅಂದ್ರು, ಹತ್ತಿದ್ರು. ನಿಮ್ಮೂರಲ್ಲಿ ಅಷ್ಟು ಹೇಳಿ.”

ಯಾರೋ ಕೊಡೆ ಮಡಿಸಿದರು. ಜಯಶೀಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಿಕ್ಕಬೈರಪ್ಪನ ಭುಜ ಹಿಡಿದು ಗುಂಡಿಗಿಳಿದಳು. ಈಗ ಇವಳೇನು ಮಾಡುತ್ತಾಳೋ ಎಂದು ಎಲ್ಲರಿಗೂ ಭಯವಾಯಿತು. ಅವಳು ದೊಡ್ಡಪ್ಪನ ಎದುರಿಗೆ, ನೀರಿನಲ್ಲೇ ಮೊಣಕಾಲೂರಿ ಕೂತಳು. ಪೂಜೆಯ ಕೋಣೆಯಿಂದ ಬಂದ ಮೇಲೆ ನೋಡದಿದ್ದ ಮುಖವನ್ನು ಈಗ ನೋಡಿದಳು. ಆಮೇಲೆ ಗುಂಡಿಯ ಅಡಿಯಿಂದ ಒಂದು ಹಿಡಿ ಒದ್ದೆ ಕೆಮ್ಮಣ್ಣು ತೆಗೆದುಕೊಂಡು, ತನ್ನ ಎಡ ಅಂಗೈಯಲ್ಲಿಟ್ಟು ಬಲಗೈಯ ಬೆರಳುಗಳಿಂದ ತಿದ್ದತೊಡಗಿದಳು. ಉಂಡೆ ಮಾಡಿದಳು, ತಳ ಒತ್ತಿದಳು, ತಲೆ ನುಣುಪು ಮಾಡಿದಳು. ಹೆಬ್ಬೆರಳಿನಷ್ಟು ದೊಡ್ಡ ಲಿಂಗವಾಯಿತು.

ಸಿದ್ದಲಿಂಗಯ್ಯನವರು ಮೆಲ್ಲಗೆ, “ಮಣ್ಣಿಂದು ನಿಲ್ಲಲ್ಲ ತಾಯಿ. ನೀರಿದೆ, ಕರಗುತ್ತೆ,” ಎಂದರು.

“ಕರಗಲಿ,” ಎಂದಳು. “ಇಷ್ಟು ವರ್ಷ ಬರಿಗೈ ನೋಡ್ಕೊಂಡು ಕೂತಿದ್ರಂತೆ. ಕರಗೋವರೆಗಾದ್ರೂ ಇರಲಿ.”

ಸಿದ್ದಲಿಂಗಯ್ಯನವರು ಗುಂಡಿಯ ಮೇಲೆ ನಿಂತವರನ್ನು ಒಮ್ಮೆ, ಅವಳನ್ನೊಮ್ಮೆ ನೋಡಿದರು. ಕ್ರಿಯೆ ಇಲ್ಲ ಎನ್ನಲು ಅವರಿಗೆ ಬಾಯಿ ಬಂದಂತೆ ಕಾಣಲಿಲ್ಲ. ಬಗ್ಗಿ, ಸೆಟೆದಿದ್ದ ಬೆರಳುಗಳನ್ನು ತಾವೇ ಒಂದೊಂದಾಗಿ ಬಿಡಿಸಿ ಹಿಡಿದುಕೊಂಡರು. ಜಯಶೀಲಾ ಮಣ್ಣಿನ ಲಿಂಗವನ್ನು ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಬಿಳಿ ಬಟ್ಟೆ ಸುತ್ತಿದರು. ಸುತ್ತುತ್ತಿರುವಾಗಲೇ ಬಟ್ಟೆ ಕೆಂಪಗೆ ನೆನೆಯತೊಡಗಿತ್ತು. ಅಯ್ನೋರು ಸತ್ತವರ ತಲೆಯ ಮೇಲೆ ಪಾದವಿಟ್ಟು ಮಂತ್ರ ಹೇಳಿದರು. ವಿಭೂತಿ, ಉಪ್ಪು, ಬಿಲ್ವಪತ್ರೆ ಬಿತ್ತು, ಆಮೇಲೆ ಮಣ್ಣು ಬಿತ್ತು. ಒದ್ದೆ ಮಣ್ಣು ಬೀಳುವ ಸದ್ದು ದೋಣಿಗೆ ನೀರು ಬಡಿದ ಹಾಗೆ ಕೇಳುತ್ತಿತ್ತು.

ಎಲ್ಲ ಮುಗಿದ ಮೇಲೆ ಚಿಕ್ಕಬೈರಪ್ಪ ಕೈ ತೊಳೆಯಲು ಬಕೆಟ್ಟಿನಲ್ಲಿ ನೀರು ತಂದಿಟ್ಟ. ಒಬ್ಬೊಬ್ಬರಾಗಿ ತೊಳೆದುಕೊಂಡು ಲಾರಿಯ ಕಡೆ ನಡೆದರು. ಕಮಲಾದೇವಿ ತೊಳೆದುಕೊಂಡು, ಜಯಶೀಲಾಳನ್ನು ಕರೆಯಲು ತಿರುಗಿದಳು.

ಜಯಶೀಲಾ ಬಕೆಟ್ಟಿನಿಂದ ಆಚೆ, ಹೊಸ ಮಣ್ಣಿನ ಪಕ್ಕ ನಿಂತಿದ್ದಳು. ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದುಕೊಂಡಿದ್ದಳು. ಅದರ ನಡುವೆ ಲಿಂಗ ಕೂತಿದ್ದ ಜಾಗದಲ್ಲಿ ದುಂಡಗೆ ಒಂದು ಕೆಂಪು ಗುರುತು, ಅದರ ಮೇಲೆ ಮಳೆಯ ಹನಿ ಬೀಳುತ್ತಿತ್ತು. ಅವಳು ಬೇರೆಲ್ಲೂ ನೋಡದೆ ಅದರೊಳಗೇ ಕಣ್ಣು ನೆಟ್ಟಿದ್ದಳು.